ಕೊಡೆಯಂಗಡಿಯ ಕಾಕ ಮತ್ತು ಬಾರದ ಮಳೆ

ಅವರ ಬಲಗೈಯ ಹೆಬ್ಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎಂದೋ ಬುಡದಲ್ಲಿ ಮುರಿದು, ಹೇಗೋ ತಾನಾಗಿ ಕೂಡಿಕೊಂಡು, ತುದಿ ಹೊರಕ್ಕೆ ವಾಲಿಕೊಂಡಿತ್ತು. ಸಾಫ್ಟ್‌ಬಾಲ್ ಆಟದಲ್ಲಿ ಆಟಗಾರ್ತಿ ಔಟಾದಳು ಎಂದು ಹೇಳಬೇಕಾದರೆ ಅಂಪೈರು ಮುಷ್ಟಿ ಕಟ್ಟಿ ಹೆಬ್ಬೆರಳನ್ನು ಮೇಲಕ್ಕೆತ್ತಬೇಕು. ಇವರು ಎತ್ತಿದರೆ ಬೆರಳು ಆಕಾಶವನ್ನು ಬಿಟ್ಟು ಮೈದಾನದ ಅಂಚಿನ ಗಾಳಿಮರಗಳನ್ನು ತೋರಿಸುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರು ಅಲ್ಲಿ ಏನೋ ಇದೆ ಎಂದು ತಿರುಗಿ ನೋಡುತ್ತಿದ್ದರು. ನಾವು ಹಳಬರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಬೆರಳು ಎತ್ತ ವಾಲಿದರೂ ಔಟು ಔಟೇ ಎಂಬ ಮುಖ ಮಾಡಿಕೊಂಡು ನಿಂತಿರುತ್ತಿದ್ದರು.

ಅವರಿಗೊಂದು ಉದ್ದವಾದ ಒಳ್ಳೆಯ ಹೆಸರಿತ್ತು. ಆದರೆ ಮಂಗಳೂರಿನ ಬಂದರಿನ ಇಡೀ ಬೀದಿಗೆ ಅವರು ಕೊಡೆಯಂಗಡಿಯ ಕಾಕ, ನನಗೆ ಬರೀ ಕಾಕ. ಅವರದು ಬ್ಯಾರಿ ಮುಸ್ಲಿಮರ ಕುಟುಂಬ, ಅಜ್ಜನ ಕಾಲದಿಂದ ವ್ಯಾಪಾರದವರು. ನಮ್ಮದು ವಾಮಂಜೂರಿನ ಬೇಸಾಯದ ಮನೆ. ಗದ್ದೆಯನ್ನು ಅಣ್ಣಂದಿರಿಗೆ ಬಿಟ್ಟು ನನ್ನ ಅಪ್ಪ ಬಂದರಿಗೆ ಬಂದು ತೆಂಗಿನ ನಾರಿನ ಹಗ್ಗದ ಅಂಗಡಿ ಹಾಕಿದ್ದರು. ಹಗ್ಗದ ಅಂಗಡಿಯೂ ಕೊಡೆಯ ಅಂಗಡಿಯೂ ಎದುರುಬದುರು. ಅಪ್ಪನ ಜೊತೆ ಕಾಕನ ಮಾತೆಲ್ಲ ತುಳುವಿನಲ್ಲಿ, ಶಾಲೆಗೆ ಹೋಗುವ ನನ್ನ ಜೊತೆ ಮಾತ್ರ ಕನ್ನಡ. ನನ್ನ ಕನ್ನಡ ಸುಧಾರಿಸಲಿ ಎಂದೋ, ತಮ್ಮ ಕನ್ನಡ ತೋರಿಸಲಿಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಾಕ ಕೊಡೆ ಮಾರುವ ಕ್ರಮವೇ ಬೇರೆ. ಗಿರಾಕಿ ಒಂದು ಕೊಡೆಯನ್ನು ಆರಿಸಿದ ಮೇಲೆ ಅದನ್ನು ಬಿಡಿಸಿ ಅವನ ಕೈಗೆ ಕೊಟ್ಟು, ಅಂಗಡಿಯ ಮುಂದೆ ಬೀದಿಯಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆ ತಾವು ಮೆಟ್ಟಿಲ ಮೇಲೆ ನಿಂತು ತಾಮ್ರದ ಚೊಂಬಿನಿಂದ ಅವನ ಕೊಡೆಯ ಮೇಲೆ ನೀರು ಹೊಯ್ಯುತ್ತಿದ್ದರು. ಮೇ ತಿಂಗಳ ಸುಡುಬಿಸಿಲು, ತುಂಡು ಮೋಡವಿಲ್ಲ, ಊರಿನ ದೊಡ್ಡ ಮನುಷ್ಯರು ನಡುಬೀದಿಯಲ್ಲಿ ಕೊಡೆ ಹಿಡಿದು ಗಂಭೀರವಾಗಿ ನಿಂತಿರುತ್ತಿದ್ದರು. ನೋಡಲು ನಾವು ಮಕ್ಕಳು ಸೇರುತ್ತಿದ್ದೆವು. ಹನಿ ಒಳಗೆ ಬಂತೋ ಇಲ್ಲವೋ ಎಂದು ಗಿರಾಕಿಯೇ ಹೇಳಬೇಕು. ಬಂತು ಎಂದರೆ ಆ ಕೊಡೆ ವಾಪಸು ಒಳಗೆ ಹೋಗುತ್ತಿತ್ತು. ಬರಲಿಲ್ಲ ಎಂದರೂ ಕಾಕನಿಗೆ ಸಮಾಧಾನವಿಲ್ಲ. ಇದು ಜೂನಿನ ಮಳೆಗೆ ಸಾಕು, ಜುಲೈ ನಡುವಿನಲ್ಲಿ ಹಿಡಿಯುವ ಆಟಿ ತಿಂಗಳ ಗಾಳಿಮಳೆಗೆ ತಡೆಯುವುದಿಲ್ಲ, ಮತ್ತೆ ಬಂದು ನನ್ನನ್ನು ಬಯ್ಯಬೇಡಿ ಎಂದು ಹೇಳಿಯೇ ಕಟ್ಟಿಕೊಡುತ್ತಿದ್ದರು. ಹೀಗೆ ಮಾರಿದರೆ ನಿಮ್ಮ ವ್ಯಾಪಾರ ಆದ ಹಾಗೆಯೇ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಆದರೆ ಅಪ್ಪನೂ ಬೇರೆ ಅಂಗಡಿಯ ಕೊಡೆಯನ್ನು ಕೊಂಡವರಲ್ಲ.

ಯೌವನದಲ್ಲಿ ಕಾಕ ಬಹರೈನಿಗೆ ಹೋಗಿ, ಎಣ್ಣೆ ತೆಗೆಯುವ ಅಮೆರಿಕದವರ ಶಿಬಿರದಲ್ಲಿ ಉಗ್ರಾಣ ನೋಡಿಕೊಂಡಿದ್ದರು. ಆ ಕಾಲಕ್ಕೆ ನಮ್ಮ ಕಡೆಯಿಂದ ಅಲ್ಲಿಗೆ ಹೋದವರು ಬೆರಳೆಣಿಕೆಯಷ್ಟು ಮಂದಿ. ಬಿಸಿಲು ಇಳಿದ ಮೇಲೆ ಅಮೆರಿಕದವರು ಮರಳಿನಲ್ಲಿ ಗೆರೆ ಎಳೆದು ಸಾಫ್ಟ್‌ಬಾಲ್ ಆಡುತ್ತಿದ್ದರಂತೆ. ಎಲ್ಲರಿಗೂ ಆಡುವ ಆಸೆ, ತೀರ್ಪು ಹೇಳುವ ಕೆಲಸ ಯಾರಿಗೂ ಬೇಡ. ಯಾರು ಹೇಳಿದರೂ ಎದುರು ಪಕ್ಷದವರು ಒಪ್ಪುವುದಿಲ್ಲ. ಕಡೆಗೆ ಉಗ್ರಾಣದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇವರನ್ನು ಎಳೆದು ತಂದು ಅಂಪೈರು ಮಾಡಿದರು.

“ಯಾಕೆ ಗೊತ್ತುಂಟಾ ಮಗಳೇ? ಅಲ್ಲಿ ಯಾರ ಪಕ್ಷವೂ ಅಲ್ಲದವ ನಾನೊಬ್ಬನೇ ಇದ್ದದ್ದು.”

ಹೆಬ್ಬೆರಳು ಮುರಿದದ್ದೂ ಅಲ್ಲಿಯೇ, ಬ್ಯಾಟಿಗೆ ಸವರಿ ಹಿಂದಕ್ಕೆ ಹಾರಿದ ಚೆಂಡು ಬಡಿದು. ಬೆರಳು ಬದನೆಕಾಯಿಯಂತೆ ಊದಿದರೂ ಆಟ ಮುಗಿಯುವ ತನಕ ಜಾಗ ಬಿಡಲಿಲ್ಲ ಎಂಬುದನ್ನು ಮಾತ್ರ ಸ್ವಲ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಐವತ್ತರ ದಶಕದ ನಡುವಿನಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಮದರಾಸಿನಲ್ಲಿ ತರಬೇತಾದ ಆಟದ ಟೀಚರೊಬ್ಬರು ಬಂದರು. ಬರುವಾಗ ಒಂದು ಗೋಣಿಚೀಲದಲ್ಲಿ ಬ್ಯಾಟು, ಚೆಂಡು, ಚರ್ಮದ ಕೈಗವಸುಗಳನ್ನು ತಂದರು. ಕ್ರಿಕೆಟಿಗೆ ದೂರದ ನೆಂಟನಂತಿರುವ ಆಟ ಅದು. ಹೆಸರಿಗೆ ಮೆತ್ತಗಿನ ಚೆಂಡು, ತಾಗಿದವರಿಗೆ ಗೊತ್ತು ಅದು ಎಷ್ಟು ಮೆತ್ತಗೆಂದು. ಎಸೆಯುವವಳು ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಹೊಡೆಯುವವಳ ಮುಂದೆ ನೆಲದಲ್ಲಿ ಬಿಳಿಯ ಹಲಗೆಯೊಂದಿರುತ್ತದೆ, ಅದಕ್ಕೆ ಪ್ಲೇಟು ಎನ್ನುತ್ತಾರೆ. ಚೆಂಡು ಆ ಪ್ಲೇಟಿನ ಮೇಲೆ, ಹೊಡೆಯುವವಳ ಮೊಣಕಾಲಿಗೂ ಕಂಕುಳಿಗೂ ನಡುವೆ ಹಾದುಹೋದರೆ ಎಸೆದವಳಿಗೆ ಲಾಭ, ಅದು ಸ್ಟ್ರೈಕು. ತಪ್ಪಿದರೆ ಹೊಡೆಯುವವಳಿಗೆ ಲಾಭ, ಅದು ಬರೀ ಬಾಲು. ಹಾದುಹೋಯಿತೋ ಇಲ್ಲವೋ ಎಂಬುದಕ್ಕೆ ಗುರುತು ಉಳಿಯುವುದಿಲ್ಲ. ಹಿಂದೆ ಬಗ್ಗಿ ನಿಂತ ಅಂಪೈರಿನ ಬಾಯಿಮಾತೇ ಸಾಕ್ಷಿ.

ಬಾವಿಯಿಂದ ನೀರು ಸೇದಿ ಸೇದಿ ಗಟ್ಟಿಯಾದ ನನ್ನ ಕೈಯನ್ನು ನೋಡಿ ಟೀಚರು ಎಸೆಯುವ ಕೆಲಸವನ್ನು ನನಗೆ ಕೊಟ್ಟರು. ನಾನೋ ಬಾಯಿ ಜೋರಿನವಳು. ನನ್ನ ಪ್ರತಿ ಚೆಂಡೂ ಸ್ಟ್ರೈಕೇ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಪಾಪದ ಟೀಚರಿಗೆ ನಿಯಮವೆಲ್ಲ ಗೊತ್ತಿತ್ತು, ನನ್ನನ್ನು ಸುಮ್ಮನಾಗಿಸುವ ಸ್ವರ ಇರಲಿಲ್ಲ. ಒಂದು ಸಂಜೆ ಹಾಸ್ಟೆಲಿನ ಕೊಡೆಗಳನ್ನು ರಿಪೇರಿ ಮಾಡಿ ತಂದಿದ್ದ ಕಾಕ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ನಾನು ಎಸೆದದ್ದು ಸ್ಟ್ರೈಕು ಎಂದು ಕೂಗಾಡುತ್ತಿದ್ದೆ. ಬೇಲಿಯ ಕಡೆಯಿಂದ “ಬಾಲ್” ಎಂದು ಒಂದೇ ಮಾತು ಬಂತು. ಸ್ವರ ದೊಡ್ಡದಾಗಿರಲಿಲ್ಲ. ಆದರೆ ಅದರ ಮೇಲೆ ಇನ್ನೊಂದು ಮಾತು ಹೇಳಲು ನನಗೇ ಬಾಯಿ ಬರಲಿಲ್ಲ. ಟೀಚರು ಬೇಲಿಯ ಹತ್ತಿರ ಹೋಗಿ ಮಾತಾಡಿದರು. ಮರುದಿನದಿಂದ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕಾಕ ನಮ್ಮ ಮೈದಾನಕ್ಕೆ ಬರತೊಡಗಿದರು. ದೀಪಾವಳಿಯಿಂದ ಮೇ ತಿಂಗಳ ತನಕ ಕೊಡೆಯ ವ್ಯಾಪಾರಕ್ಕೆ ನಿದ್ದೆ, ಆಟಕ್ಕೆ ಅದೇ ಕಾಲ.

ಆಟಕ್ಕೆ ಮೊದಲು ಅವರು ಪ್ಲೇಟನ್ನು ಗುಡಿಸುವುದನ್ನು ನೋಡಬೇಕಿತ್ತು. ಅಂಗಡಿಯಲ್ಲಿ ಕೊಡೆಯ ಬಟ್ಟೆಯ ಧೂಳು ತೆಗೆಯುವ ಮರದ ಹಿಡಿಯ ಬ್ರಶ್ಶೊಂದು ಅವರ ಕೋಟಿನ ಕಿಸೆಯಲ್ಲಿರುತ್ತಿತ್ತು. ಬಗ್ಗುವ ಮೊದಲು ನೋಡುವವರಿಗೆ ಬೆನ್ನಾಗದಂತೆ ತಿರುಗಿ, ನಾಲ್ಕೂ ಅಂಚು ಕಾಣುವ ಹಾಗೆ ಗುಡಿಸಿ, ಬ್ರಶ್ಶನ್ನು ಒಮ್ಮೆ ಕೊಡವಿ ಕಿಸೆಗೆ ಹಾಕುತ್ತಿದ್ದರು. ಆಟ ನಡೆಯುವಾಗ ನಾನು ಯಾರೆಂದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ದಾರಿಯಲ್ಲಿ ಮಗಳೇ ಎನ್ನುವವರು ಅಲ್ಲಿ ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. ಚೆನ್ನಾಗಿ ಎಸೆದೆ ಎಂದು ಒಮ್ಮೆಯೂ ಹೊಗಳಿದವರಲ್ಲ. ಕೇಳಿದರೆ ಒಂದೇ ಮಾತು: “ಕಂಡದ್ದನ್ನು ಹೇಳುವುದು, ಕಾಣದ್ದನ್ನು ಹೇಳದೆ ಇರುವುದು. ಅಂಪೈರಿಗೆ ಬೇರೆ ಕೆಲಸ ಇಲ್ಲ.” ಜಗಳಗಂಟಿಯಾದ ನಾನು ಅವರ ಎದುರು ನಿಧಾನಕ್ಕೆ ಆಟಗಾರ್ತಿಯಾದೆ. ಸ್ಟ್ರೈಕು ಎಂದು ಅವರು ಹೇಳಿದರೆ ಅದು ಸ್ಟ್ರೈಕೇ ಆಗಿರುತ್ತಿತ್ತು, ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಾಗಲಿಲ್ಲ.

ಶಾಲೆ ಮುಗಿಸಿ ಕಾಲೇಜಿಗೆ ಹೋದ ಮೇಲೂ ಆಟ ಬಿಡಲಿಲ್ಲ. ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ನಾಲ್ಕು ದೇಶಗಳ ಹೆಣ್ಣುಮಕ್ಕಳ ಪಂದ್ಯಾವಳಿ ನಡೆಸುವುದೆಂದು ಆಯಿತು. ಅದರ ಕಾರ್ಯದರ್ಶಿ ನಮ್ಮ ಜಿಲ್ಲೆಯವರೇ, ಮದರಾಸಿನಲ್ಲಿ ನೆಲೆಸಿದ್ದ ವಕೀಲರು. ಆಯ್ಕೆಗೆ ಹೋದ ನಾನು ನಮ್ಮ ದೇಶದ ತಂಡಕ್ಕೆ ಆರಿಸಿಬಂದೆ. ಅಮೆರಿಕದವರ ಕೈಯಲ್ಲಿ ಪಳಗಿದ ಅಂಪೈರು ಇಡೀ ದಕ್ಷಿಣದಲ್ಲಿ ಇನ್ನೊಬ್ಬರಿಲ್ಲ ಎಂದು ವಕೀಲರು ಕಾಕನನ್ನೂ ಕರೆಸಿದರು. ಮದುವೆಯ ವಯಸ್ಸಿನ ಮಗಳನ್ನು ಆಟಕ್ಕೆಂದು ಮದರಾಸಿಗೆ ಕಳುಹಿಸುವುದೇ ಎಂದು ವಾಮಂಜೂರಿನ ದೊಡ್ಡಪ್ಪಂದಿರು ಕೆಂಡ ಕಾರಿದರು. ಅಪ್ಪ ಎದುರಿನ ಅಂಗಡಿಯ ಕಡೆ ಕೈ ತೋರಿಸಿ, ಕಾಕ ಇದ್ದಾರಲ್ಲ, ಹೋಗಿ ಬರಲಿ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಬಂದ ತಂಡಗಳಲ್ಲಿ ಒಂದು ಪೂರ್ವದ ಒಂದು ದ್ವೀಪದ್ದು. ಆ ದ್ವೀಪದವರು ತಮ್ಮದು ಸ್ವತಂತ್ರ ಸರಕಾರ ಎನ್ನುತ್ತಿದ್ದರು, ನಮ್ಮ ಸರಕಾರ ಅದನ್ನು ಒಪ್ಪಿರಲಿಲ್ಲ. ಬಾವುಟ ಹಾರಿಸಬಾರದು, ದೇಶದ ಹೆಸರು ಹೇಳಬಾರದು ಎಂಬ ಮಾತಿನ ಮೇಲೆ ಅವರನ್ನು ಕರೆಸಿದ್ದರು. ಅಂಕಪಟ್ಟಿಯ ಹಲಗೆಯಲ್ಲಿ ಉಳಿದವರಿಗೆ ದೇಶದ ಹೆಸರು, ಇವರಿಗೆ ಅತಿಥಿ ತಂಡ ಎಂಬ ಹೆಸರು. ನಮ್ಮ ವಯಸ್ಸಿನ ಹುಡುಗಿಯರೇ, ತುಂಬ ಚೆನ್ನಾಗಿ ಆಡುತ್ತಿದ್ದರು. ನಾವು ಮೊದಲ ಎರಡು ಪಂದ್ಯಗಳನ್ನೂ ಗೆದ್ದೆವು, ಅವರು ಒಂದನ್ನು ಸೋತಿದ್ದರು. ಆ ಎರಡು ಪಂದ್ಯಗಳಲ್ಲಿ ಎಸೆದವಳು ನನಗಿಂತ ಹಿರಿಯಳು, ನಾನು ಬೆಂಚಿನಲ್ಲಿ ಕುಳಿತಿದ್ದೆ. ಕೊನೆಯ ಪಂದ್ಯ ಅತಿಥಿ ತಂಡದ ಜೊತೆ. ಆ ಪಂದ್ಯಕ್ಕೆ ಚೆಂಡು ನನ್ನ ಕೈಗೆ ಎಂದು ತೀರ್ಮಾನವಾಯಿತು.

ಹಿಂದಿನ ದಿನದ ಸಂಜೆಯ ಸತ್ಕಾರದಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಆ ಹುಡುಗಿಯರಲ್ಲಿ ಒಬ್ಬಳು ಚೀಲದಿಂದ ಪುಟ್ಟ ಬಾವುಟವೊಂದನ್ನು ತೆಗೆದು ಬಿಡಿಸಿ ಹಿಡಿದಳು. ಬೆಳಿಗ್ಗೆಯ ಪೇಪರಿನಲ್ಲಿ ಅದು ಬಂತು. ದೆಹಲಿಯಿಂದ ಫೋನು ಬಂತು. ನಮ್ಮವರು ಅವರ ಜೊತೆ ಆಡಕೂಡದು, ಆದರೆ ಆಡಕೂಡದೆಂದು ನಾವು ಹೇಳಿದ್ದು ಹೊರಗೆ ಬರಲೂಕೂಡದು ಎಂದು ಅಪ್ಪಣೆ. ನಮ್ಮನ್ನು ಮೈದಾನದ ಬದಿಯ ಕೋಣೆಯಲ್ಲಿ ಕೂರಿಸಿ ತಂಡದ ಮ್ಯಾನೇಜರಮ್ಮ ಇದನ್ನು ಹೇಳಿದರು. ಕೆಲವರು ಅತ್ತರು. ನಾನು ಅಳಲಿಲ್ಲ, ಚೆಂಡನ್ನು ಕೈಯಲ್ಲಿ ತಿರುಗಿಸುತ್ತ ಕುಳಿತೆ.

ದಾರಿ ಹುಡುಕಿದವರು ವಕೀಲರು. ಮಳೆಯಿಂದ ಪಂದ್ಯ ರದ್ದಾದರೆ ಎರಡೂ ತಂಡಗಳಿಗೆ ಅಂಕ ಅರ್ಧರ್ಧ. ನಮಗೆ ಅಷ್ಟು ಸಾಕಿತ್ತು, ಗೆಲುವಿನ ಕಪ್ಪು ನಮ್ಮದಾಗುತ್ತಿತ್ತು. ತಂಡ ಮೈದಾನಕ್ಕೆ ಬರಲಿಲ್ಲ ಎಂದು ದಾಖಲಾದರೆ ನಾವು ಸೋತಂತೆ, ಅಂಕ ಸಮವಾದಾಗ ಎದುರುಬದುರಾಗಿ ಗೆದ್ದವರಿಗೇ ಮೇಲುಗೈ ಎಂಬ ನಿಯಮದಿಂದ ಕಪ್ಪು ಅವರದು. ಬೆಳಿಗ್ಗೆ ನಾಲ್ಕು ಹನಿ ಬಿದ್ದದ್ದೂ ನಿಜ. ನೆಲ ಆಟಕ್ಕೆ ಯೋಗ್ಯವೋ ಅಲ್ಲವೋ ಎಂದು ಹೇಳುವ ಅಧಿಕಾರ ಪ್ಲೇಟಿನ ಹಿಂದೆ ನಿಲ್ಲುವ ಅಂಪೈರಿನದು. ಆ ದಿನ ಅಲ್ಲಿ ನಿಲ್ಲಬೇಕಾದವರು ಕಾಕ.

ಕಾಕ ನಮ್ಮ ಕೋಣೆಯ ಹೊರಗೆ ಜಗಲಿಯಲ್ಲಿ ಕುಳಿತು ಕಾಲಿಗೆ ಪ್ಯಾಡು ಕಟ್ಟಿಕೊಳ್ಳುತ್ತಿದ್ದರು. ವಕೀಲರು ಬಂದು ಪಕ್ಕದಲ್ಲಿ ಕುಳಿತರು. ಕಿಟಕಿ ತೆರೆದಿತ್ತು.

“ಬೆಳಿಗ್ಗೆ ಮಳೆ ಬಂತಲ್ಲ ಸಾಯ್ಬರೇ. ನೆಲ ಒದ್ದೆ ಉಂಟು ಅಂತ ನೀವೊಂದು ಮಾತು ಹೇಳಿದ್ರೆ ಸಾಕು. ಅವರ ಮಾನವೂ ಉಳೀತದೆ, ನಮ್ಮದೂ ಉಳೀತದೆ.”

ಕಾಕ ಬಗ್ಗಿ ಜಗಲಿಯ ಕೆಳಗಿನ ನೆಲಕ್ಕೆ ಅಂಗೈ ಒತ್ತಿದರು. ಎತ್ತಿ ತೋರಿಸಿದರು. ಒಣ ಧೂಳು ಅಂಟಿತ್ತು.

“ಇದು ಮಳೆಯಾ ವಕೀಲರೇ? ನೀವೂ ನಮ್ಮ ಊರಿನವರೇ ಅಲ್ವಾ?”

ಇನ್ನೊಂದು ಸಂದರ್ಭದಲ್ಲಾದರೆ ಇಬ್ಬರೂ ನಗುತ್ತಿದ್ದರೇನೋ. ಮಂಗಳೂರಿನಲ್ಲಿ ಹುಟ್ಟಿದವರಿಗೆ ಮದರಾಸಿನ ಆ ಹನಿಯನ್ನು ಮಳೆ ಎನ್ನಲು ನಾಲಗೆ ಏಳುವುದಿಲ್ಲ. ವಕೀಲರು ನಗಲಿಲ್ಲ. ಇದು ದೇಶದ ಪ್ರಶ್ನೆ, ದೊಡ್ಡವರ ಅಪ್ಪಣೆ ಎಂದು ಬಿಡಿಸಿ ಹೇಳಿದರು. ಒಳಗೆ ಕುಳಿತ ಹುಡುಗಿಯರ ಕೈಗೆ ಕಪ್ಪು ಬರುತ್ತದೆ, ನಿಮ್ಮ ಕೈಯಲ್ಲೇ ಬೆಳೆದ ಹುಡುಗಿಯೂ ಅದರಲ್ಲಿದ್ದಾಳೆ ಎಂದರು. ಕಾಕ ಪ್ಯಾಡಿನ ಪಟ್ಟಿ ಎಳೆಯುತ್ತ ಎಲ್ಲ ಕೇಳಿಸಿಕೊಂಡರು.

“ದೇಶ ಬೇಡ ಅಂದ್ರೆ ಆಡುವುದು ಬೇಡ. ಅದರಲ್ಲಿ ನಾನು ಮಾತಾಡುವುದಿಲ್ಲ, ಅದು ದೊಡ್ಡವರ ತೀರ್ಮಾನ. ಆಡ್ಲಿಲ್ಲ ಅಂತ ಹೇಳುವ. ಪಾಪದ ಮಳೆಯ ಮೇಲೆ ಯಾಕೆ ಹಾಕುವುದು? ಮಳೆ ನನಗೆ ಅನ್ನ ಕೊಡುವಂಥದ್ದು. ಅದು ಬಾರದ ದಿನ ಬಂತು ಅಂತ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

ವಕೀಲರು ಇನ್ನಷ್ಟು ಹತ್ತಿರ ಸರಿದರು. ಆಮೇಲೆ ತಗ್ಗಿದ ಸ್ವರದಲ್ಲಿ ಹೇಳಿದರು: “ನಾಳೆ ಜನ ಬೇರೆ ರೀತಿ ಮಾತಾಡ್ತಾರೆ. ನಿಮ್ಮಂಥವರು ಇಂಥ ಕಾಲದಲ್ಲಿ ಜಾಗ್ರತೆ ಇರ್ಬೇಕು.”

ನಿಮ್ಮಂಥವರು ಎಂದರೆ ಯಾರು ಎಂದು ಕಾಕ ಕೇಳಲಿಲ್ಲ. ಕೇಳಬೇಕಾದ ಅಗತ್ಯ ಇರಲಿಲ್ಲ. ಅವರ ಕೈ ಪ್ಯಾಡಿನ ಬಕ್ಕಲಿನ ಮೇಲೆ ನಿಂತುಬಿಟ್ಟಿತು. ನಾನು ಕಿಟಕಿಯಿಂದ ಆ ಕೈಯನ್ನೇ ನೋಡುತ್ತಿದ್ದೆ. ಒಂದು ಮಾತು, ಕಾಕ, ಒಂದೇ ಒಂದು ಮಾತು ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವರು ಬಕ್ಕಲು ಹಾಕಿದರು, ಎದ್ದರು, ಮುಖಕ್ಕೆ ಕಟ್ಟುವ ಕಂಬಿಯ ಜಾಲರಿಯನ್ನು ತೆಗೆದುಕೊಂಡು ಮೈದಾನಕ್ಕೆ ಇಳಿದರು.

ಅತಿಥಿ ತಂಡದ ಹುಡುಗಿಯರು ಆಗಲೇ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಅವರಿಗೂ ಸುದ್ದಿ ತಿಳಿದಿತ್ತೆಂದು ಮುಖ ಹೇಳುತ್ತಿತ್ತು. ಕಾಕ ಎಂದಿನಂತೆ ತಿರುಗಿ ಬಗ್ಗಿ, ಯಾರೂ ತುಳಿಯದ ಪ್ಲೇಟನ್ನು ನಾಲ್ಕೂ ಅಂಚು ಕಾಣುವ ಹಾಗೆ ಗುಡಿಸಿದರು. ಬ್ರಶ್ಶು ಕೊಡವಿ ಕಿಸೆಗೆ ಹಾಕಿದರು. ಪ್ಲೇ ಎಂದು ಕೂಗಿದರು. ಹೊಡೆಯುವವಳು ನಿಲ್ಲಬೇಕಾದ ಜಾಗ ಖಾಲಿ. ಅವರು ಆ ಖಾಲಿ ಜಾಗದ ಹಿಂದೆ, ಅಲ್ಲಿ ಒಬ್ಬಳು ನಿಂತಿದ್ದಾಳೆ ಎಂಬಂತೆ, ಮೊಣಕಾಲು ಮಡಚಿ ಬಗ್ಗಿ ನಿಂತರು. ಸುಮ್ಮನೆ ನಿಂತು ಕಾಯಬಹುದಿತ್ತು. ಕಾಯುವುದಕ್ಕೆ ನಿಯಮದಲ್ಲಿ ಐದು ನಿಮಿಷ ಉಂಟು, ಬಗ್ಗಬೇಕೆಂದು ಇಲ್ಲ. ಅವರು ಅಷ್ಟು ಹೊತ್ತೂ ಬಗ್ಗಿಯೇ ಇದ್ದರು. ನೋಡಲು ಬಂದಿದ್ದ ಜನರಲ್ಲಿ ಮೊದಲು ಗುಸುಗುಸು, ಆಮೇಲೆ ಕೂಗು, ಆಮೇಲೆ ಅದೂ ನಿಂತಿತು.

ಹೊತ್ತು ಮುಗಿದಾಗ ಅವರು ನೆಟ್ಟಗೆ ನಿಂತು ಜಾಲರಿ ತೆಗೆದರು. ಮುಖ ಬೆವರಿನಿಂದ ತೊಯ್ದಿತ್ತು. ಪೆವಿಲಿಯನ್ನಿನ ಕಡೆ ತಿರುಗಿ, ಶಿಬಿರದಲ್ಲಿ ಕಲಿತ ಇಂಗ್ಲಿಷಿನಲ್ಲಿ, ಭಾರತ ಮೈದಾನಕ್ಕೆ ಬರಲಿಲ್ಲ, ಪಂದ್ಯ ಎದುರು ತಂಡಕ್ಕೆ ಹೋಯಿತು ಎಂದು ಹೇಳಿ ಕೈ ಎತ್ತಿದರು. ಕಾರಣ ಹೇಳಲಿಲ್ಲ, ಅದು ಅವರ ಕೆಲಸವಲ್ಲ. ಗೆದ್ದ ಹುಡುಗಿಯರು ಕುಣಿಯಲಿಲ್ಲ. ಎಸೆಯಬೇಕಾಗಿದ್ದ ಹುಡುಗಿ, ನನ್ನ ಹಾಗೆಯೇ ಚೆಂಡನ್ನು ಕೈಯಲ್ಲಿ ತಿರುಗಿಸುತ್ತಿದ್ದವಳು, ನಡೆದು ಬಂದು ಅದನ್ನು ಕಾಕನ ಕೈಗೆ ಕೊಟ್ಟು ಹೋದಳು.

ದೇಶದ ಹೆಸರಿನಲ್ಲಿ ನಾನು ಒಂದು ಚೆಂಡನ್ನೂ ಎಸೆದವಳಲ್ಲ.

ಊರಿಗೆ ಬರುವ ರೈಲಿನಲ್ಲಿ ಕಾಕ, ನಾನು, ನನಗೆ ಜೊತೆಯಾಗಿ ಬಂದಿದ್ದ ಆಟದ ಟೀಚರು. ಶೋರನೂರಿನಲ್ಲಿ ಬೆಳಗಾಯಿತು. ಕಾಕ ಇಳಿದು ಚಹಾ ತಂದರು. ನಾನು ಲೋಟ ಮುಟ್ಟಲಿಲ್ಲ. ಟೀಚರು ಬೇಡವೆಂದು ಕಣ್ಣು ಮಾಡಿದರೂ ನನ್ನ ಬಾಯಿ ಕೇಳಲಿಲ್ಲ. ನಾಲ್ಕು ಹನಿ ಬಿದ್ದದ್ದಂತೂ ಸುಳ್ಳಲ್ಲ, ಅದನ್ನು ಸ್ವಲ್ಪ ದೊಡ್ಡದು ಮಾಡಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಕೇಳಿದೆ. ಯಾವುದೋ ಊರಿನವರಿಗಾಗಿ ನಮ್ಮನ್ನು ಸೋಲಿಸಿದಿರಿ ಎಂದೆ. ಕಡೆಗೆ, “ನೀವು ನಮ್ಮವರಲ್ವಾ ಕಾಕ?” ಎಂದುಬಿಟ್ಟೆ.

ಅವರು ಕಿಟಕಿಯ ಹೊರಗೆ ನೋಡುತ್ತ ಚಹಾ ಮುಗಿಸಿದರು. ಸಿಟ್ಟಾಗಲಿಲ್ಲ. ನನ್ನ ಲೋಟವನ್ನು ನನ್ನ ಕಡೆಗೆ ಸರಿಸಿದರು.

“ನಿನ್ನ ಬಾಲು ಸ್ಟ್ರೈಕ್ ಅಂತ ನಾನು ಎಷ್ಟು ವರ್ಷದಿಂದ ಹೇಳಿದ್ದೇನೆ ಮಗಳೇ. ಅದಕ್ಕೆಲ್ಲ ಬೆಲೆ ಬಂದದ್ದು ಈ ಬಾಯಿಯಿಂದ. ಒಂದು ದಿನ ಇದು ಸುಳ್ಳು ಹೇಳಿದ್ರೆ, ಅದೆಲ್ಲ ಹೋಯ್ತಲ್ಲ. ಆಮೇಲೆ ನಿನ್ನ ಹತ್ರ ಎಂತ ಉಳೀತದೆ?”

ಆ ಹೊತ್ತಿಗೆ ನನಗೆ ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ. ಆಗಲಿಲ್ಲ. ಕಲ್ಲಿಕೋಟೆ ದಾಟುವ ತನಕ ಮುಖ ಊದಿಸಿಕೊಂಡೇ ಇದ್ದೆ. ಆದರೆ ಚಹಾ ಕುಡಿದೆ, ಆರಿಹೋಗಿತ್ತು.

ವಕೀಲರು ಹೇಳಿದಂತೆಯೇ ಆಯಿತು. ಜನ ಬೇರೆ ರೀತಿ ಮಾತಾಡಿದರು. ಹೊರಗಿನವರಿಂದ ಏನೋ ಪಡೆದಿದ್ದಾನೆ, ಇಲ್ಲದಿದ್ದರೆ ಸ್ವಂತ ದೇಶವನ್ನು ಯಾರಾದರೂ ಸೋಲಿಸುತ್ತಾರೆಯೇ ಎಂದರು. ಮತ್ತೆ ಯಾವ ಪಂದ್ಯಕ್ಕೂ ಅವರಿಗೆ ಕರೆ ಬರಲಿಲ್ಲ. ಅದಕ್ಕಿಂತ ನೋವಿನದ್ದು ನಮ್ಮ ಹಳೆಯ ಶಾಲೆಯಲ್ಲೇ ನಡೆಯಿತು. ಊರಿಗೆ ಬಂದ ಮರುದಿನ ಸಂಜೆ ಅವರು ಬ್ರಶ್ಶು ಕಿಸೆಗೆ ಹಾಕಿಕೊಂಡು ಮೈದಾನಕ್ಕೆ ಬಂದಾಗ, ಹೊರಗಿನ ಗಂಡಸರು ಬರುವುದು ಬೇಡವೆಂದು ಕಮಿಟಿಯವರು ಹೇಳಿದ್ದಾರೆ ಎಂದು ಗೇಟಿನಲ್ಲೇ ತಿಳಿಸಿದರು. ಅಷ್ಟು ವರ್ಷ ಒಳಗಿನವರಾಗಿದ್ದವರು ಒಂದು ದಿನದಲ್ಲಿ ಹೊರಗಿನವರಾದರು. ಬೇಲಿಯ ಆಚೆ, ಮೊದಲ ದಿನ ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ಆ ಮೇ ತಿಂಗಳಲ್ಲಿ ಕೊಡೆಯಂಗಡಿಯ ಮುಂದೆ ಮಕ್ಕಳು ಸೇರಲಿಲ್ಲ, ಏಕೆಂದರೆ ಬೀದಿಯಲ್ಲಿ ಕೊಡೆ ಹಿಡಿದು ನಿಲ್ಲುವವರು ಕಡಿಮೆಯಾಗಿದ್ದರು. ನನ್ನ ಅಪ್ಪ ಹೆಚ್ಚು ಮಾತಿನ ಮನುಷ್ಯನಲ್ಲ. ಮದರಾಸಿನ ವಿಷಯದಲ್ಲಿ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಒಂದು ದಿನ ಬೀದಿ ತುಂಬ ಜನ ಇದ್ದ ಹೊತ್ತಿನಲ್ಲಿ ಹಗ್ಗದ ಅಂಗಡಿಯಿಂದ ಇಳಿದು ಎದುರಿಗೆ ಹೋದರು. ಮನೆಯಲ್ಲಿ ಒಳ್ಳೆಯ ಕೊಡೆ ಇರುವಾಗಲೇ ಇನ್ನೊಂದನ್ನು ಆರಿಸಿ, ಬಿಡಿಸಿ ಹಿಡಿದು ನಡುಬೀದಿಯಲ್ಲಿ ನಿಂತರು. ಕಾಕ ಚೊಂಬಿನಲ್ಲಿ ನೀರು ತಂದು ಹೊಯ್ದರು. ಅಪ್ಪ ಕೊಡೆಯೊಳಗೆ ತಲೆಯೆತ್ತಿ ನೋಡಿ, ಇಡೀ ಬೀದಿಗೆ ಕೇಳುವ ಸ್ವರದಲ್ಲಿ, “ಒಂದು ಹನಿಯೂ ಇಲ್ಲ ಕಾಕ” ಎಂದರು. ನನಗೆ ಸಮಾಧಾನವಾದದ್ದು ಅವತ್ತು. ನಾನು ಎದುರಿನ ಅಂಗಡಿಯಲ್ಲಿ ಹಗ್ಗದ ಸುರುಳಿಗಳ ಹಿಂದೆ ನಿಂತು ಅತ್ತೆ, ಮದರಾಸಿನಲ್ಲಿ ಅಳದೆ ಉಳಿದದ್ದೂ ಅದರ ಜೊತೆ ಬಂತು.

ಓದು ಮುಗಿಸಿ ನಾನೂ ಆಟದ ಟೀಚರೇ ಆದೆ. ಹೊಸ ಬಂದರಿಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳು ಕಾಟಿಪಳ್ಳದಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ. ಅಲ್ಲಿನ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಊರು ಹೊಸದು, ಮೈದಾನ ಕೆಂಪು ಮುರಕಲ್ಲಿನದು, ಹುಡುಗಿಯರು ನನ್ನ ಹಾಗೆಯೇ ಬಾಯಿ ಜೋರಿನವರು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮೊದಲ ರವಿವಾರವೇ ನಮ್ಮ ಹಳೆಯ ಬಂದರಿಗೆ ಹೋಗಿ ಕಾಕನನ್ನು ಕರೆದೆ. ವಯಸ್ಸಾಯಿತು ಮಾರಾಯ್ತಿ ಎಂದರು. ಆದರೆ ಬ್ರಶ್ಶು ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ಮುಂದಿನ ವಾರದಿಂದ ಸುರತ್ಕಲ್ಲಿನ ತನಕ ಬಸ್ಸಿನಲ್ಲಿ, ಅಲ್ಲಿಂದ ನಡೆದುಕೊಂಡು, ಕೋಟು ಹಾಕಿಕೊಂಡೇ ಬರುತ್ತಿದ್ದರು. ಹುಡುಗಿಯರು ಅವರ ಹೆಬ್ಬೆರಳು ತೋರಿಸಿದ ಕಡೆ ತಿರುಗಿ ನೋಡಿದಾಗ ನಾನು ಈಗ ಟೀಚರು ಎಂಬುದನ್ನು ಮರೆತು ನಕ್ಕೆ.

ಎರಡು ಬೇಸಿಗೆ ಹಾಗೆ ಬಂದರು. ಎರಡನೆಯ ಬೇಸಿಗೆಯ ಕೊನೆಯಲ್ಲಿ, ಆಟ ಬಿಸಿಯಾಗಿದ್ದಾಗ, ಒಂದು ಚೆಂಡು ಪ್ಲೇಟು ದಾಟಿ ಹೋಯಿತು. ಕಾಕ ಏನೂ ಹೇಳಲಿಲ್ಲ. ಎಲ್ಲರೂ ಕಾದೆವು. ಅವರು ನಿಧಾನವಾಗಿ ಜಾಲರಿ ತೆಗೆದರು.

“ನನಗೆ ಕಾಣ್ಲಿಲ್ಲ,” ಎಂದರು.

ಎಸೆದವಳು ಸ್ಟ್ರೈಕು ಎಂದಳು, ಹೊಡೆಯುವವಳು ಅಲ್ಲ ಎಂದಳು. ಏನಾದರೊಂದು ಹೇಳಿ ಕಾಕ, ಆಟ ಮುಂದೆ ಹೋಗಲಿ ಎಂದು ನಾನು ಮೆಲ್ಲಗೆ ಹೇಳಿದೆ. ಹೇಳಿದ ಕೂಡಲೇ ಯಾರಿಗೆ ಏನು ಹೇಳಿದೆನೆಂದು ನನಗೇ ಅರಿವಾಯಿತು. ಅವರು ನನ್ನನ್ನು ನೋಡಿ ಸಣ್ಣಗೆ ನಕ್ಕರು. ಮೈದಾನದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಿಸೆಯಿಂದ ಬ್ರಶ್ಶು ತೆಗೆದು ನನ್ನ ಕೈಯಲ್ಲಿಟ್ಟರು. ಆ ಚೆಂಡನ್ನು ಮತ್ತೆ ಎಸೆಯಿಸಿದೆವು, ಹಿಂದೆ ಬಗ್ಗಿ ನಿಂತವಳು ನಾನು. ಅವರು ಗಾಳಿಮರದ ಕೆಳಗೆ ಕುಳಿತು ಆಟ ಮುಗಿಯುವ ತನಕ ನೋಡಿದರು. ಆಮೇಲೆ ಬರಲಿಲ್ಲ.

ಅರುವತ್ತರ ದಶಕ ಮುಗಿಯುವ ಮೊದಲೇ ಕಾಕ ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ಕಾಟಿಪಳ್ಳದಿಂದ ಓಡಿಬಂದೆ. ಹೆಂಗಸರಿಗೆ ದಫನದ ಜಾಗಕ್ಕೆ ಹೋಗುವ ಕ್ರಮ ಇಲ್ಲ. ಅವರ ಮನೆಯಾಕೆಯ ಪಕ್ಕ ಸ್ವಲ್ಪ ಹೊತ್ತು ಕುಳಿತಿದ್ದು, ಆಮೇಲೆ ನಮ್ಮ ಹಗ್ಗದ ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಂತೆ. ಬೀದಿಯಲ್ಲಿ ಅವರನ್ನು ಎತ್ತಿಕೊಂಡು ಹೋದರು. ಹಿಂದೆ ಜನವೋ ಜನ, ಅಪ್ಪನೂ ಇದ್ದರು. ಅವರನ್ನು ಆಡಿಕೊಂಡವರಲ್ಲಿ ಕೆಲವರೂ ಇದ್ದರು. ಎಲ್ಲರ ಕೈಯಲ್ಲೂ ಕಾಕನ ಅಂಗಡಿಯ ಕೊಡೆ.

ಅದು ಆಟಿ ತಿಂಗಳು. ನಮ್ಮಲ್ಲಿ ಆಟಿಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ತೀರಿಕೊಂಡರೆ ಆಕಾಶವೂ ಅತ್ತಿತು ಎಂದು ಬರೆಯುವುದು ವಾಡಿಕೆ, ಓದುವವರಿಗೂ ಅದೇ ಇಷ್ಟ. ಇಷ್ಟು ವರ್ಷಗಳ ಮೇಲೆ, ಆ ದಿನ ಏನಾಗಿತ್ತೆಂದು ನೋಡಲು ಯಾರು ಬರುತ್ತಾರೆ? ನಾಲ್ಕು ಹನಿ ಬಿತ್ತೆಂದರೆ ಯಾರ ಗಂಟೂ ಹೋಗುವುದಿಲ್ಲ. ಹಾಗೆ ಬರೆಯಲು ನನ್ನ ಕೈಯೂ ಮುಂದಾಯಿತು. ಅವರ ಬ್ರಶ್ಶು ಎದುರಿಗೇ ಇದೆ.

ಮಳೆ ಬರಲಿಲ್ಲ. ಬಿಸಿಲಿತ್ತು. ಯಾರೂ ಕೊಡೆ ಬಿಡಿಸಲಿಲ್ಲ.